ಎಡಕ್ಕೆ ಹಾಕಿದ ಗಂಟು

ನಮ್ಮ ರವಿವಾರದ ಓದಿನಲ್ಲಿ ಕೆಂಪು ಪೆನ್ಸಿಲ್ ಒಂದೇ. ಹನ್ನೊಂದು ವರ್ಷ ಅದು ನನ್ನ ಕೈಯಲ್ಲಿತ್ತು. ಕಳೆದ ದೀಪಾವಳಿಯ ಮರುವಾರ ಪಂಢರೀನಾಥ ಕಾಕಾ ಅದನ್ನು ನನ್ನ ಮುಂದಿನಿಂದ ಎತ್ತಿಕೊಂಡು, ನನ್ನ ಭುಜದ ಮೇಲಿಂದಲೇ ಕೈ ಚಾಚಿ ನರ್ಗೀಸಳಿಗೆ ಕೊಟ್ಟರು.

"ಇವತ್ತ ನೀ ಹಿಡಿ ತಂಗಿ," ಅಂದರು.

ಇವತ್ತು ಅಂದದ್ದು ಮುಂದಿನ ವಾರವೂ ಆಯಿತು, ಅದರ ಮುಂದಿನ ವಾರವೂ ಆಯಿತು. ಯಾರೂ ನನ್ನನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ನನ್ನ ಮುಖದಲ್ಲಿ ಏನಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು.

ಕಾಕಾ ಇಳಕಲ್ಲಿನ ಗ್ರಂಥಾಲಯದಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಅವರ ಮನೆಯ ಪಡಸಾಲೆಯಲ್ಲಿ ನಾವು ಏಳೆಂಟು ಜನ ಪ್ರತಿ ರವಿವಾರ ಬೆಳಿಗ್ಗೆ ಜಮಖಾನೆ ಹಾಸಿ ನಾಲ್ಕು ಪತ್ರಿಕೆ ಹರವಿಕೊಂಡು ಕೂಡುತ್ತೇವೆ. ಏನು ಬರೆದಿದ್ದಾರೆ ಎಂದು ಊರೇ ಓದುತ್ತದೆ. ಏನು ಬಿಟ್ಟಿದ್ದಾರೆ ಎಂದು ನಾವು ಓದುತ್ತೇವೆ. ಅದನ್ನು ಈ ಬಳಗಕ್ಕೆ ಕಲಿಸಿದವಳು ನಾನು. ಹೈಸ್ಕೂಲಿನಲ್ಲಿ ಕನ್ನಡ ಹೇಳುವ ನನಗೆ ಕ್ರಿಯಾಪದ ಕಂಡರೆ ಕರ್ತೃ ಎಲ್ಲಿ ಎಂದು ಹುಡುಕುವ ಚಟ. 'ಲಾಠಿ ಬೀಸಲಾಯಿತು' ಎಂದು ಬಂದರೆ ಬೀಸಿದ ಕೈ ಯಾರದು? 'ಗುಡಿಸಲುಗಳನ್ನು ತೆರವುಗೊಳಿಸಲಾಗಿದೆ' ಎಂದರೆ ಯಾರು ಬಂದು ಯಾರ ಒಲೆ ಕಿತ್ತರು? ಎಲ್ಲಕ್ಕಿಂತ ಹೆಚ್ಚಾಗಿ 'ಎನ್ನಲಾಗಿದೆ'. ಈ ಒಂದು ಮಾತಿನ ಹಿಂದೆ ಅಡಗಿ ಕೂತು ಯಾರು ಯಾರ ಮೇಲೆ ಬೇಕಾದರೂ ಕಲ್ಲು ಎಸೆಯಬಹುದು. ಅದರ ಸುತ್ತ ನಾನು ಎಷ್ಟು ಸಲ ಕೆಂಪು ಸುತ್ತು ಹಾಕಿದ್ದೇನೆಂದರೆ, ಗ್ರಾನೈಟ್ ಪಾಲಿಶ್ ಮಾಡುವ ಬಂಡೆಪ್ಪ ನನಗೆ 'ಎನ್ನಲಾಗಿದೆ ಅಕ್ಕಾರ' ಎಂದು ಹೆಸರಿಟ್ಟಿದ್ದ. ನನಗೆ ಅದು ಬಿರುದಿನ ಹಾಗಿತ್ತು.

ಎರಡು ವರ್ಷದ ಹಿಂದೆ ನರ್ಗೀಸ ಬಂದಳು. ಎಂಟನೆಯ ಇಯತ್ತೆಯಲ್ಲಿ ನನ್ನ ಮುಂದೆ ಕೂತಿದ್ದವಳು. ಪಿಯುಸಿಗೆ ಓದು ನಿಂತಿತ್ತು. ಈಗ ಮನೆಯಲ್ಲಿ ಕೊಂಡಿ ಹಾಕುವ ಕೆಲಸ. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ; ಎರಡನ್ನೂ ಎದುರುಬದುರು ಇಟ್ಟು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಒಂದು ಎಳೆ ತಪ್ಪಿದರೂ ಎದುರಿನ ಎಳೆ ಜೋಡಿ ಇಲ್ಲದೆ ತೂಗಾಡುತ್ತದೆ.

ಅವಳು ಸುದ್ದಿ ಓದಿದ್ದೂ ಹಾಗೆಯೇ. ಒಂದೇ ಘಟನೆ ಬಂದ ಎರಡು ಪತ್ರಿಕೆಗಳನ್ನು ಅಂಚಿಗೆ ಅಂಚು ಹಚ್ಚಿ ಇಡುತ್ತಿದ್ದಳು. ಇದರ ಈ ಮಾತಿಗೆ ಅದರ ಆ ಮಾತು ಎಂದು ಗೆರೆ ಎಳೆದು, ಗೆರೆ ಮುಗಿಯುವಲ್ಲಿ ಒಂದು ಪುಟ್ಟ ಗಂಟು ಬರೆಯುತ್ತಿದ್ದಳು. ಜೋಡಿ ಸಿಗದ ಮಾತಿಗೆ ಬರೀ ಗೆರೆ. "ಇದು ತೂಗಾಡ್ಲಿಕತ್ತೇತ್ರಿ ಕಾಕಾ," ಎನ್ನುತ್ತಿದ್ದಳು, "ಇದರ ಜೋಡಿ ಎಲ್ಲೈತಿ?"

ಒಮ್ಮೆ ನೀರಿನ ಟಾಕಿಯ ಉದ್ಘಾಟನೆಯ ಸುದ್ದಿ ಬಂದಿತ್ತು. ನಾನು ಅದರಲ್ಲಿ ಎರಡು 'ಎನ್ನಲಾಗಿದೆ' ಹಿಡಿದು ಸುಮ್ಮನಾದೆ. ಅವಳು ಅಂದಳು: "ಒಂದು ಪೇಪರಿನ್ಯಾಗ ಮಕ್ಕಳು ಹೂವು ಹಾಕಿ ಸ್ವಾಗತ ಮಾಡಿದ್ರು ಅಂತೈತಿ. ಇನ್ನೊಂದರಾಗ ಮಂಗಳವಾರ ಹನ್ನೊಂದು ಗಂಟೆ ಅಂತೈತಿ. ಎರಡೂ ಕೂಡಿಸ್ರಿ. ಸಾಲಿ ಬಿಡಿಸಿ ಬಿಸಲಾಗ ನಿಂದರಿಸ್ಯಾರ."

ಪಡಸಾಲೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆ ಮಕ್ಕಳನ್ನು ಎರಡು ತಾಸು ರಸ್ತೆಯಂಚಿಗೆ ಸಾಲಾಗಿ ನಿಲ್ಲಿಸಿದವಳು ನಾನೇ. ನನ್ನ ಕಣ್ಣ ಮುಂದೆ ನಡೆದದ್ದು ಪತ್ರಿಕೆಯಲ್ಲಿ ಇಲ್ಲವೆಂದು ನನಗೆ ಹೊಳೆದಿರಲಿಲ್ಲ. ಮನೆಯಲ್ಲಿ ನೂಲು ಜೋಡಿಸುತ್ತ ಕೂತವಳಿಗೆ ಹೊಳೆದಿತ್ತು. ಅವತ್ತು ಮನೆಗೆ ಹೋದ ಕೂಡಲೇ ಹಳೆಯ ಅಂಕಗಳ ವಹಿ ತೆಗೆದು ನೋಡಿದೆ. ಎಂಟನೆಯ ಇಯತ್ತೆ, ಕನ್ನಡ, ನರ್ಗೀಸ: ಅರವತ್ತೆರಡು. ನೋಡಿ ಸ್ವಲ್ಪ ಸಮಾಧಾನವಾಯಿತು. ಎಂಥ ಸಮಾಧಾನ!

ಮಾರ್ಚ್ ತಿಂಗಳಲ್ಲಿ ಬಾಗಲಕೋಟೆಯ ಕಾಲೇಜೊಂದರ ಪತ್ರಿಕೋದ್ಯಮ ವಿಭಾಗದಿಂದ ಬಳಗಕ್ಕೆ ಕಾಗದ ಬಂತು. ಸುದ್ದಿ ಓದುವ ಬಗೆಯನ್ನು ತಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡಲು ಯಾರಾದರೂ ಒಬ್ಬರು ಬರಬೇಕು, ಎಂದು. ಕಾಕಾ ಓದಿ ಮುಗಿಸುವುದರೊಳಗೆ ನಾನು ಮನಸ್ಸಿನಲ್ಲಿ ಯಾವ ಸೀರೆ ಉಡಬೇಕೆಂದು ಆರಿಸಿಯಾಗಿತ್ತು.

"ನರ್ಗೀಸ ಹೋಗ್ಲಿ," ಅಂದ ಬಂಡೆಪ್ಪ. "ಕೊಂಡಿ ಹಾಕೂದು ಆ ಹುಡುಗ್ರಿಗೆ ತೋರಿಸ್ಲಿ. ಅಲ್ಲೇನ್ರಿ ಅಕ್ಕಾರ?"

"ಹೌದಲ್ಲ, ಆಕೀನ ಹೋಗ್ಲಿ," ಅಂದೆ. ನನ್ನ ದನಿ ನನಗೇ ಎಷ್ಟು ಸವಿಯಾಗಿ ಕೇಳಿಸಿತೆಂದರೆ, ಹೆದರಿದೆ.

ನರ್ಗೀಸ ನನ್ನ ಕಡೆ ತಿರುಗಿ, "ನೀವ ಕಲಿಸಿದ್ದು ಅಕ್ಕಾರ. ನೀವು ಹೋಗ್ರಿ," ಅಂದಳು. ಆ ಮಾತಿನಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ನಾನು ಅವಳನ್ನು ಕ್ಷಮಿಸಿಬಿಡುತ್ತಿದ್ದೆ. ಕಾಕಾ ಅವಳ ಹೆಸರನ್ನೇ ಬರೆದು ಕಾಲೇಜಿಗೆ ಕಳಿಸಿದರು.

ಆ ಶನಿವಾರ ಬೆಳಗಿನ ಶಾಲೆ ತಪ್ಪಿಸಿ, ಹುನಗುಂದದ ಕಚೇರಿಯಲ್ಲಿ ಕೆಲಸವಿದೆ ಎಂದು ಹೇಳಿ, ನಾನು ಬಾಗಲಕೋಟೆಗೆ ಹೋದೆ. ಕಾಲೇಜಿನ ವಿಭಾಗದ ಮುಖ್ಯಸ್ಥರನ್ನು ಕಂಡೆ. ನರ್ಗೀಸ ಒಳ್ಳೆಯ ಹುಡುಗಿ, ಆದರೆ ಪಿಯುಸಿ ಮಾತ್ರ, ನಾಲ್ಕು ಜನರ ಮುಂದೆ ನಿಂತರೆ ತಡವರಿಸುತ್ತಾಳೆ, ಬಳಗದವರು ಅಭಿಮಾನದಿಂದ ಅವಳ ಹೆಸರು ಹೇಳಿದ್ದಾರೆ ಅಷ್ಟೆ, ಎಂದೆ. "ಹಂಗಿದ್ರ ನೀವ ಬರ್ರಿ ಮೇಡಮ್," ಎಂದರು. ಅವರು ಕಾಗದದಲ್ಲಿ ಅವಳ ಹೆಸರು ಹೊಡೆದು ನನ್ನದು ಬರೆಯುವುದನ್ನು ನೋಡುತ್ತ ನಿಂತೆ. ಎರಡೇ ನಿಮಿಷದ ಕೆಲಸ.

ತಿರುಗಿ ಬರುವ ಬಸ್ಸಿನಲ್ಲಿ ಎರಡು ಪತ್ರಿಕೆಗಳನ್ನು ತೊಡೆಯ ಮೇಲೆ ಅಂಚಿಗೆ ಅಂಚು ಇಟ್ಟುಕೊಂಡೆ. ಚೀಲದಲ್ಲಿ ನನ್ನದೇ ಹೊಸ ಕೆಂಪು ಪೆನ್ಸಿಲ್ ಇತ್ತು. ಕಾಲೇಜಿನಲ್ಲಿ ಆ ಹುಡುಗರಿಗೆ ಬರೀ 'ಎನ್ನಲಾಗಿದೆ' ಹೇಳಿದರೆ ಸಾಲದೆಂದು ನನಗೆ ಗೊತ್ತಿತ್ತು. ಕೊಂಡಿ ಹಾಕತೊಡಗಿದೆ. ಗೆರೆ, ಗಂಟು. ಗೆರೆ, ಗಂಟು. ಪಕ್ಕದಲ್ಲಿ ಕೂತ ಮುದುಕಿ ಬಗ್ಗಿ ನೋಡಿ, "ಏನ್ ಹೆಣಿಯಾಕತ್ತೀರಿ ಅಕ್ಕಾರ?" ಎಂದು ನಕ್ಕಳು. ಹೆಸರು ಶಾರವ್ವ, ಕಮತಗಿಯವಳು. ಮುಂದಿನ ಸೀಟಿನಲ್ಲಿದ್ದ ಮೊಮ್ಮಗಳನ್ನು ಬಾಗಲಕೋಟೆಗೆ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದಳು. ಹುಡುಗಿ ಬೆಳಗಿನಿಂದ ಏನೂ ತಿಂದಿಲ್ಲ ಎಂದು ನನ್ನ ಮುಂದೆ ದೂರಿದಳು.

ಕಮತಗಿ ಬಂತು. ಡ್ರೈವರ್ ಚಹಾಕ್ಕೆ ಇಳಿದ, ಕಂಡಕ್ಟರ್ ಎಂಟ್ರಿ ಮಾಡಿಸಲು ಹೋದ. ಹುಡುಗಿ ಇಳಿಯಲೆಂದು ಎದ್ದವಳು ನಡುದಾರಿಯಲ್ಲಿ ಹಾಗೆಯೇ ತಲೆ ತಿರುಗಿ ಕುಸಿದಳು.

"ಯಪ್ಪಾ, ಹಿಡಕೋ ನನ್ನ ಮೊಮ್ಮಗಳ್ನ!" ಎಂದು ಶಾರವ್ವ ಕೂಗಿದಳು.

ಪಕ್ಕದ ಸೀಟಿನ ಹುಡುಗ ಹಿಡಿದುಕೊಂಡ. ಸೀಟಿನ ಮೇಲೆ ಮಲಗಿಸಿದ, ಕಾಲು ಎತ್ತರಿಸಿದ, ಕೊರಳಿಗೆ ಬಿಗಿದಿದ್ದ ಓಢಣಿ ಸಡಿಲಿಸಿದ. ಅವಸರವಿಲ್ಲದ ಕೈ. "ದವಾಖಾನ್ಯಾಗ ಪಟ್ಟಿ ಕಟ್ಟೋ ಡ್ರೆಸ್ಸರ್ ಅದೀನ್ರಿ, ಅಂಜಬ್ಯಾಡ್ರಿ ಆಯಿ," ಎಂದು ಶಾರವ್ವನಿಗೆ ಹೇಳಿ, ನನ್ನ ಕಡೆ ತಿರುಗಿ, "ನೀರು ಅದಾವೇನ್ರಿ ಅಕ್ಕಾರ?" ಅಂದ. ನಾನು ಪತ್ರಿಕೆಗಳನ್ನು ಸೀಟಿಗೆ ಹಾಕಿ, ಬಾಟ್ಲಿ ತೆಗೆದು ಹುಡುಗಿಯ ಮುಖಕ್ಕೆ ನೀರು ಚಿಮುಕಿಸಿದೆ. ಅವಳು ಕಣ್ಣು ತೆರೆದಾಗ ಎರಡು ಗುಟುಕು ಕುಡಿಸಿದೆ.

ಅಷ್ಟರಲ್ಲಿ ಮೂವರು ಯುವಕರು ಬಸ್ ಹತ್ತಿದರು. ಒಬ್ಬ ಫೋನನ್ನು ಆಗಲೇ ಎತ್ತಿ ಹಿಡಿದಿದ್ದ.

"ಏನ್ ಮಾಡಾಕತ್ತೀಲೇ ಹುಡುಗಿಗೆ? ಏನ್ ನಿನ್ನ ಹೆಸರು?"

"ಅರ್ಷದ," ಅಂದ.

ಹೆಸರು ಕೇಳಿದ ಮೇಲೆ ಅವರು ಬೇರೇನೂ ಕೇಳಲಿಲ್ಲ. ಅಂಗಿ ಹಿಡಿದು ಮೆಟ್ಟಿಲ ಮೇಲಿಂದ ಎಳೆದರು. ಅವನ ದವಾಖಾನೆಯ ಗುರುತಿನ ಚೀಟಿ ನನ್ನ ಕಾಲ ಹತ್ತಿರ ಬಿತ್ತು. "ಅಂವ ಏನೂ ಮಾಡಿಲ್ರಪೋ!" ಎಂದು ಶಾರವ್ವ ಕೂಗಿದಳು, ಯಾರೋ ಅವಳನ್ನು ಮೊಮ್ಮಗಳ ಸಮೇತ ಆಟೋಕ್ಕೆ ತುಂಬಿ ಕಳಿಸಿದರು. ಕೆಳಗೆ ಹೊಡೆತದ ಸಪ್ಪಳ. ಒಣ ಹತ್ತಿಯ ಮೂಟೆ ಬಡಿದಂಥ ಸಪ್ಪಳ.

ನನ್ನ ಬಾಯಿ ತೆರೆದಿತ್ತು. ಮಾತು ತುಟಿಗೆ ಬಂದಿತ್ತು. ಅಂಜಿಕೆಯಿಂದ ಸುಮ್ಮನಾದೆ ಎಂದರೆ ಅದು ಅರ್ಧ ಸತ್ಯ. ಆ ಕ್ಷಣ ನನ್ನ ತಲೆಯಲ್ಲಿ ಬಂದದ್ದು ಇದು: ನಾಳೆ ಇದು ಪತ್ರಿಕೆಯಲ್ಲಿ ಬರುತ್ತದೆ. ನನ್ನ ಹೆಸರು ಬರುತ್ತದೆ. ನರ್ಗೀಸ ಓದುತ್ತಾಳೆ. ಶನಿವಾರ ಮಧ್ಯಾಹ್ನ ಬಾಗಲಕೋಟೆಯಿಂದ ಬರುವ ಬಸ್ಸಿನಲ್ಲಿ ಅಕ್ಕಾರಿಗೆ ಏನು ಕೆಲಸ ಎಂದು ಒಂದು ಎಳೆ ಹಿಡಿದು ಜಗ್ಗುತ್ತಾಳೆ.

ಚೀಲ ಎತ್ತಿಕೊಂಡು ಇಳಿದೆ. ಗುಂಪಿನ ಬೆನ್ನ ಹಿಂದಿನಿಂದ ನಡೆದು ಒಂದು ಟಂಟಂ ಆಟೋ ಹತ್ತಿದೆ. ಊರು ದಾಟಿದ ಮೇಲೆ ಪತ್ರಿಕೆಗಳು ಸೀಟಿನಲ್ಲೇ ಉಳಿದವೆಂದು ನೆನಪಾಯಿತು. ಹೋಗಲಿ, ಪತ್ರಿಕೆಯಲ್ಲಿ ಯಾರ ಹೆಸರಿರುತ್ತದೆ ಎಂದುಕೊಂಡೆ.

ಮರುದಿನ ರವಿವಾರ. ಹೋಗದಿದ್ದರೆ ಸಂಶಯ ಬರುತ್ತದೆಂದು ಹೋದೆ.

ನಾಲ್ಕರಲ್ಲಿ ಎರಡು ಪತ್ರಿಕೆಗಳಲ್ಲಿ ಸುದ್ದಿ ಇತ್ತು. ದೊಡ್ಡ ಪತ್ರಿಕೆಯ ತಲೆಬರಹ ಅಂಗೈ ಅಗಲ: 'ಬಸ್‌ನಲ್ಲಿ ಒಂಟಿ ಯುವತಿಯೊಂದಿಗೆ ಅಸಭ್ಯ ವರ್ತನೆ: ಅನ್ಯಕೋಮಿನ ಯುವಕನಿಗೆ ಧರ್ಮದೇಟು'. ಸಣ್ಣ ಪತ್ರಿಕೆಯಲ್ಲಿ ಆರು ಸಾಲು: ಕಮತಗಿಯಲ್ಲಿ ಬಸ್ಸಿನೊಳಗೆ ಗಲಾಟೆ ನಡೆದಿದೆ, ಯುವಕ ಗಾಯಗೊಂಡಿದ್ದಾನೆ, ಮೂವರ ದೂರಿನ ಮೇಲೆ ಅವನನ್ನು ವಶಕ್ಕೆ ಪಡೆಯಲಾಗಿದೆ, ಯುವತಿಗೆ ಪ್ರಯಾಣಿಕ ಮಹಿಳೆಯೊಬ್ಬರು ನೀರು ಕುಡಿಸಿ ಉಪಚರಿಸಿದರು. ಜೊತೆಗೆ ಬಸ್ಸಿನ ಒಳಗಿನ ಒಂದು ಬಣ್ಣದ ಚಿತ್ರ.

"ಇವತ್ತ ಮೂರು ಗಂಟೇಕ್ಕ ಜಡ್ಜ್ ಸಾಹೇಬ್ರ ಮುಂದ ನಿಂದರಸ್ತಾರಂತ," ಅಂದ ಬಂಡೆಪ್ಪ. "ನಮ್ಮ ಯುನಿಟ್ಟಿನ ಮಂದೀಗೆಲ್ಲಾ ಅವ ಗೊತ್ತರಿ. ಕಲ್ಲು ಕಾಲ ಮ್ಯಾಲೆ ಬಿದ್ರ ದವಾಖಾನ್ಯಾಗ ಅಂವನ ಪಟ್ಟಿ ಕಟ್ಟಾಂವ. ಹೇಳಾಕ ಒಬ್ರೂ ಸಾಕ್ಷಿ ಇಲ್ಲಂತ."

ನರ್ಗೀಸ ಎರಡೂ ಪತ್ರಿಕೆ ಜೋಡಿಸಿದಳು. ಪೆನ್ಸಿಲ್ ಮೊದಲು ನಿಂತದ್ದು ಒಂದು ಮಾತಿನ ಮೇಲೆ.

"ಅನ್ಯಕೋಮು ಅಂದ್ರ ಯಾರಿಗೆ ಅನ್ಯ ಕಾಕಾ? ಈ ಪೇಪರ್ ನಾನೂ ಓದ್ತೇನಿ. ಓದೋರೆಲ್ಲಾ ಒಂದ ಕಡೆ ಕುಂತಾರ, ಅಂವ ಒಬ್ಬನ ಆ ಕಡೆ ನಿಂತಾನ ಅಂದಂಗ ಬರದಾರ. ಹಂಗಾದ್ರ ಇದನ್ನ ಓದೋವಾಗ ನಾ ಯಾವ ಕಡೆ ಕುಂದರ್ಲಿ?"

ಹನ್ನೊಂದು ವರ್ಷ ನಾನು ಆ ಮಾತಿನ ಮೇಲೆ ಸಾವಿರ ಸಲ ಕಣ್ಣಾಡಿಸಿದ್ದೆ. ಒಂದು ಸಲವೂ ಪೆನ್ಸಿಲ್ ನಿಂತಿರಲಿಲ್ಲ. ಯಾಕೆ ನಿಲ್ಲಬೇಕು? ಅದು ನನ್ನನ್ನು ಎಂದೂ ಆಚೆ ನಿಲ್ಲಿಸಿರಲಿಲ್ಲ.

"ಇನ್ನ ಈ ಧರ್ಮದೇಟು," ಅವಳು ಮುಂದುವರಿಸಿದಳು. "ಹೊಡದೋರ ಹೆಸರಿಲ್ಲ, ಊರಿಲ್ಲ. ಧರ್ಮ ಹೊಡೀತು ಅಂದ್ರ ಯಾರ ಮ್ಯಾಲೆ ಕೇಸ್ ಹಾಕೂದು? ಹೋಗ್ಲಿ. ಇಲ್ಲಿ ನೋಡ್ರಿ. ದೊಡ್ಡ ಪೇಪರಿನ್ಯಾಗ ಅಸಭ್ಯ ವರ್ತನೆ ಐತಿ, ಸಣ್ಣದರಾಗ ನೀರು ಕುಡಿಸಿದ್ದೈತಿ. ಮೈ ಮುಟ್ಟಿದ್ರ ಹುಡುಗಿ ಕಪಾಳಕ್ಕ ಹೊಡೀತಾಳ, ಇಲ್ಲಾ ಚೀರ್ತಾಳ. ನೀರು ಯಾಕ ಬೇಕಾತು? ನೀರು ಬೇಕಾಗೂದು ತಲಿ ತಿರುಗಿ ಬಿದ್ದವರಿಗೆ. ಅಂವ ದವಾಖಾನಿಯಾಂವ. ಬಿದ್ದಾಕಿನ್ನ ಹಿಡದಾನ."

ಎಲ್ಲವೂ ಸರಿ ಇತ್ತು. ನಾನು ಕಣ್ಣಾರೆ ಕಂಡದ್ದನ್ನು ಅವಳು ಆರು ಸಾಲಿನಿಂದ ಹೆಣೆದು ನನ್ನ ಮುಂದೆ ಹಾಸಿದ್ದಳು. ಹೌದು ಎನ್ನಲು ಒಂದು ಅಕ್ಷರ ಸಾಕಿತ್ತು. ಆದರೆ ಸತ್ಯ ಅವಳ ಬಾಯಿಂದ ಬಂದದ್ದನ್ನು ನಾನು ಸಹಿಸದಾದೆ.

"ನರ್ಗೀಸ, ನಾ ಒಂದ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ," ಅಂದೆ. "ನಾವಿಲ್ಲಿ ಪಕ್ಷಪಾತ ಹುಡುಕ್ತೇವಿ. ನೀ ಆ ಹುಡುಗನ ಪೈಕಿ. ಹಿಂಗಿದ್ದಾಗ ನಿನ್ನ ಓದು ನಿಷ್ಪಕ್ಷ ಅದ ಅಂತ ಹೆಂಗ ಹೇಳೂದು?"

ಬಂಡೆಪ್ಪನ ಚಹಾದ ಬಸಿ ಅರ್ಧಕ್ಕೆ ನಿಂತಿತು. ನರ್ಗೀಸಳ ಮುಖದಲ್ಲಿ ಏನೋ ಆರಿದ ಹಾಗಾಯಿತು.

ಕಾಕಾ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಆಕಿ ಅವನ ಪೈಕಿ. ಸರಿ. ಪದ್ಮಜಾ, ಹಂಗಾದ್ರ ನೀ ಯಾರ ಪೈಕಿ?"

ನರ್ಗೀಸ ಫೋನು ತೆಗೆದು ಸಣ್ಣ ಪತ್ರಿಕೆಯ ಚಿತ್ರವನ್ನು ಅದರಲ್ಲಿ ಹುಡುಕಿ, ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡತೊಡಗಿದಳು. "ನೀರು ಕುಡಿಸಿದಾಕಿ ಒಬ್ಬಾಕಿ ತೂಗಾಡ್ಲಿಕತ್ತಾಳ. ಆಕಿ ಸಿಗಬೇಕು," ಎಂದು ತನ್ನಷ್ಟಕ್ಕೇ ಅಂದವಳು ಥಟ್ಟನೆ ನಿಂತಳು. ಬೆರಳು ನಿಂತಿತು. ಕಣ್ಣೆತ್ತಿ ಒಂದು ಸಲ ನನ್ನ ಕಡೆ ನೋಡಿದಳು.

"ಏನ್ ಕಾಣ್ತೈತೆ?" ಎಂದು ಬಂಡೆಪ್ಪ ಬಗ್ಗಿದ.

"ಏನಿಲ್ಲಣ್ಣಾ. ಬಸ್ಸಿನ ಸೀಟು," ಎಂದು ಫೋನು ಬೋರಲು ಹಾಕಿದಳು. ಸ್ವಲ್ಪ ಹೊತ್ತಿಗೆ ಎದ್ದು ಹಿತ್ತಲಿನ ಕಡೆ ಹೋಗುತ್ತ, "ಅಕ್ಕಾರ, ಒಂದೀಟ ಬರ್ರಿ," ಅಂದಳು.

ನೀರಿನ ಹರಿವಿಯ ಹತ್ತಿರ ನಿಂತು ಫೋನನ್ನು ನನ್ನ ಕೈಗೆ ಕೊಟ್ಟಳು. ಸೀಟಿನ ಮೇಲೆ ಎರಡು ಪತ್ರಿಕೆ, ಅಂಚಿಗೆ ಅಂಚು. ಒಂದರಿಂದ ಇನ್ನೊಂದಕ್ಕೆ ಕೆಂಪು ಗೆರೆಗಳು. ಗೆರೆಯ ತುದಿಗೆ ಗಂಟುಗಳು. ಇಡೀ ಜಿಲ್ಲೆಯಲ್ಲಿ ಪತ್ರಿಕೆಯನ್ನು ಹಾಗೆ ಓದುವವರು ಎಲ್ಲಿದ್ದಾರೆಂದು ನಮಗಿಬ್ಬರಿಗೂ ಗೊತ್ತಿತ್ತು. ಆ ಪಡಸಾಲೆಯಲ್ಲಿ ಹೆಂಗಸರು ನಾವಿಬ್ಬರೇ.

"ಅದು ನೀನ ಇರಬೇಕಲ್ಲ," ಅಂದೆ. ಅಷ್ಟು ಹೊತ್ತಿಗೂ ನನ್ನ ನಾಲಿಗೆ ಸುಳ್ಳಿಗೆ ದಾರಿ ಹುಡುಕುತ್ತಿತ್ತು. "ನಿನ್ನ ಕೊಂಡಿ ಅವು."

"ಅಲ್ರಿ. ನಾ ಗಂಟು ಬಲಕ್ಕ ಹಾಕ್ತೇನಿ. ನೀವು ಎಡಕ್ಕ ಹಾಕೀರಿ." ಅವಳ ದನಿ ಏರಲಿಲ್ಲ. "ಎಡಕ್ಕ ಹಾಕಿದ್ದು ನಿಂದರೂದಿಲ್ರಿ ಅಕ್ಕಾರ. ಜಗ್ಗಿದ ಕೂಡ್ಲೆ ಬಿಚ್ಚತೈತಿ."

ಕದ್ದದ್ದು ಸಿಕ್ಕಿಬಿದ್ದ ನಾಚಿಕೆಗಿಂತ, ಕದ್ದದ್ದನ್ನೂ ತಪ್ಪಾಗಿ ಕದ್ದೆನೆಂಬುದು ನನ್ನನ್ನು ಹೆಚ್ಚು ಸುಟ್ಟಿತು.

"ನೀರು ಕುಡಿಸಿದಾಕಿ ನೀವ ಅದೀರಿ," ಅಂದಳು. "ಬಾಗಲಕೋಟಿಗೆ ಯಾಕ ಹೋಗಿದ್ರಿ ಅಂತ ನಾ ಈಗ ಕೇಳೂದಿಲ್ಲ. ಹನ್ನೊಂದೂವರಿ ಆಗೇತಿ. ಮೂರಕ್ಕ ಅವನ್ನ ಒಯ್ತಾರ. ಬಂಡೆಪ್ಪಣ್ಣನ ಗಾಡಿ ಹೊರಗೈತಿ."

"ಒಳಗ ಎಲ್ಲಾರಿಗೂ ಹೇಳ್ತೀಯೇನು?"

ಅವಳು ನನ್ನನ್ನು ಶಿಷ್ಯೆಯ ಕಣ್ಣಿನಿಂದ ನೋಡದಿದ್ದದ್ದು ಅದೇ ಮೊದಲ ಸಲ. "ಸುದ್ದಿ ನಿಮ್ಮದೈತಿ. ನೀವ ಹೇಳ್ರಿ," ಎಂದು ಒಳಗೆ ಹೋದಳು.

ಬಂಡೆಪ್ಪನ ಮೋಟರ್‌ಸೈಕಲ್ಲಿನ ಹಿಂದೆ ಕೂತು ಠಾಣೆಗೆ ಹೋದೆ. ಬಸ್ಸಿನಲ್ಲಿ ನಾನಿದ್ದೆ ಎಂದಷ್ಟೇ ಅವನಿಗೆ ಹೇಳಿದೆ. ಅವನು ಗಾಡಿ ನಿಲ್ಲಿಸದೆ, "ಮತ್ತ ಮುಂಜಾನೆ ಆಕಿಗೆ ಹಂಗ್ಯಾಕ ಅಂದ್ರಿ?" ಅಂದ. ಗಾಳಿಗೆ ಕೇಳಿಸಲಿಲ್ಲವೆಂಬಂತೆ ಕೂತೆ.

ಠಾಣೆಯಲ್ಲಿ ಎಲ್ಲ ಹೇಳಿದೆ. ಶಾರವ್ವನ ಹೆಸರು ಹೇಳಿದೆ. ತಾಸಿನೊಳಗೆ ಅವಳನ್ನು ಹುಡುಕಿ ಕರೆತಂದರು, ಮೊಮ್ಮಗಳೂ ಬಂದಳು.

"ನಿನ್ನೇನ ಯಾಕ ಹೇಳಲಿಲ್ರಿ?" ಎಂದು ಸಾಹೇಬರು ಕೇಳಿದರು.

"ಅಂಜಿದ್ದೆ," ಅಂದೆ. ಹಾಗೆಯೇ ಬರೆದುಕೊಂಡರು.

ಶಾರವ್ವ ನನ್ನನ್ನು ನೋಡಿದ ಕೂಡಲೇ, "ಇವರ ನೋಡ್ರಿ, ನೀರು ಕೊಟ್ಟೋರು," ಅಂದಳು. ಆಮೇಲೆ ಹಲ್ಲಿಲ್ಲದ ಬಾಯಲ್ಲಿ, ಯಾವ ದ್ವೇಷವೂ ಇಲ್ಲದೆ, "ಅವನ್ನ ಎಳಿಯೋವಾಗ ನಿಮ್ಮನ್ನ ಭಾಳ ನೋಡಿದ್ನಿ ಅಕ್ಕಾರ. ಸಾಲಿ ಕಲ್ತೋರು, ನೀವರೆ ಒಂದು ಮಾತು ಅಂತೀರಿ ಅಂದಕೊಂಡಿದ್ನಿ," ಅಂದಳು.

ಸಂಜೆ ಅರ್ಷದನನ್ನು ಮನೆಗೆ ಬಿಟ್ಟರು. ಎಡಗೈಗೆ ಪಟ್ಟಿ. ಊರಿನ ಅರ್ಧ ಜನರ ಪಟ್ಟಿ ಕಟ್ಟಿದ ಹುಡುಗ ತನ್ನ ಪಟ್ಟಿಯ ಗಂಟನ್ನು ಹಲ್ಲಿನಿಂದ ಬಿಗಿ ಮಾಡಿಕೊಳ್ಳುತ್ತಿದ್ದ. "ನೀವು ಬಂದಿದ್ದು ಭಾಳ ಛಲೋ ಆತ್ರಿ," ಅಂದ. ನನ್ನ ಅಂಕಗಳ ವಹಿಯಲ್ಲಿ ಇಂಥ ಮಾತಿಗೆ ಕೊಡುವ ಅಂಕವಿರಲಿಲ್ಲ.

ಮುಂದಿನ ರವಿವಾರ ದೊಡ್ಡ ಪತ್ರಿಕೆಯ ಮುಖಪುಟದಲ್ಲಿ ಏನೂ ಇರಲಿಲ್ಲ. ಏಳನೆಯ ಪುಟದ ಕೆಳಗೆ, ಜಾಹೀರಾತಿನ ಮಗ್ಗುಲಿಗೆ, ನಾಲ್ಕು ಸಾಲು. ಬಂಡೆಪ್ಪ ಗಟ್ಟಿಯಾಗಿ ಓದಿದ: "'ಬಸ್ ಪ್ರಕರಣದಲ್ಲಿ ಯುವಕನ ತಪ್ಪಿಲ್ಲವೆಂದು ಶಿಕ್ಷಕಿಯೊಬ್ಬರು ಹೇಳಿಕೆ ನೀಡಿದ್ದಾರೆ ಎನ್ನಲಾಗಿದೆ.'" ಓದಿ, ಬಾಯಿಗೆ ಕೈ ಅಡ್ಡ ಹಿಡಿದ. "ಅಕ್ಕಾರ, ಕಡೀಕ ನಿಮಗೂ ಎನ್ನಲಾಗಿದೆ ಬಂತಲ್ರಿ!"

ಎಲ್ಲರೂ ನಕ್ಕರು. ನಾನು ಠಾಣೆಯಲ್ಲಿ ಕೂತು, ಸಹಿ ಮಾಡಿ, ಹೇಳಿದ್ದೆ. ಅದೂ ಎನ್ನಲಾಗಿದೆ.

ನರ್ಗೀಸ ನಗಲಿಲ್ಲ. ಹಿಂದಿನ ವಾರದ ಪತ್ರಿಕೆಯನ್ನು ತೆಗೆದು ಇವತ್ತಿನದರ ಅಂಚಿಗೆ ಇಟ್ಟಳು. "ಹೋದ ವಾರ ಅಂವ ಅನ್ಯಕೋಮಿನ ಯುವಕ. ಈ ವಾರ ಬರೇ ಯುವಕ. ತಪ್ಪು ಇದ್ದಾಗ ಕೋಮು ಇತ್ತು, ತಪ್ಪಿಲ್ಲ ಅಂದ ಕೂಡ್ಲೆ ಕೋಮು ಹೋತು." ಗೆರೆ ಎಳೆದಳು. "ಹೊಡದೋರು ಆಗೂ ಇಲ್ಲ, ಈಗೂ ಇಲ್ಲ." ಇನ್ನೊಂದು ಗೆರೆ. ಆಮೇಲೆ 'ಶಿಕ್ಷಕಿಯೊಬ್ಬರು' ಎಂಬಲ್ಲಿ ಪೆನ್ಸಿಲ್ ನಿಲ್ಲಿಸಿದಳು. ಬರೀ ಗೆರೆ, ಗಂಟಿಲ್ಲ. ಗೆರೆ ಅಚ್ಚಿನ ಸಾಲು ದಾಟಿ ಪತ್ರಿಕೆಯ ಖಾಲಿ ಅಂಚಿಗೆ ಬಂದು ನಿಂತಿತು.

"ಇದು ತೂಗಾಡ್ಲಿಕತ್ತೇತ್ರಿ ಕಾಕಾ," ಅಂದಳು. ನನ್ನ ಕಡೆ ನೋಡಲಿಲ್ಲ. "ಆ ಶಿಕ್ಷಕಿ ಒಂದು ದಿನ ಸುಮ್ಮ ಯಾಕ ಕುಂತ್ರು?"

"ಅಂಜಿದ್ರು ಅಂತ ಹೇಳ್ಯಾರಲ್ಲವಾ," ಅಂದ ಬಂಡೆಪ್ಪ.

ಪೆನ್ಸಿಲನ್ನು ಅವಳು ನನ್ನ ಮುಂದೆ ಇಟ್ಟಳು. ಐದು ತಿಂಗಳಾಗಿತ್ತು ಅದು ನನ್ನ ಮುಂದೆ ಬಂದು. ಎತ್ತಿಕೊಳ್ಳಲು ಕೈ ಬರಲಿಲ್ಲ. ಅಂಜಿದ್ದೆ ಎಂದು ಮತ್ತೊಮ್ಮೆ ಅಂದರೆ ಎಲ್ಲರೂ ನಂಬುತ್ತಿದ್ದರು, ಅವಳೊಬ್ಬಳನ್ನು ಬಿಟ್ಟು. ಜಗತ್ತಿನಲ್ಲಿ ಅವಳೊಬ್ಬಳ ಓದಿನ ಮುಂದೆ ಸುಳ್ಳಾಗಿ ಕೂಡುವುದು ನನ್ನಿಂದ ಆಗುವ ಹಾಗಿರಲಿಲ್ಲ. ಚೀಲದಿಂದ ಫೋನು ತೆಗೆದು, ಕಾಲೇಜಿನ ಮುಖ್ಯಸ್ಥರಿಗೆ ಹಚ್ಚಿ, ಸ್ಪೀಕರಿಗೆ ಹಾಕಿ ಜಮಖಾನೆಯ ನಡುವೆ ಇಟ್ಟೆ.

"ನಮಸ್ಕಾರ ಮೇಡಮ್! ಬುಧವಾರ ಬರ್ತೀರಲ್ಲ?"

"ನಾ ಬರೂದಿಲ್ರಿ. ನರ್ಗೀಸ ಬರ್ತಾಳ. ಹೆಸರು ತಿದ್ದಿಕೊಳ್ರಿ."

"ಯಾಕ್ರಿ? ಎಂಟು ದಿನದ ಹಿಂದ ಶನಿವಾರ ಕಾಲೇಜಿಗೆ ಬಂದು ನೀವ ಹೇಳಿದ್ರಲ್ಲ, ಆಕಿ ನಾಲ್ಕು ಮಂದಿ ಮುಂದ ತಡವರಿಸ್ತಾಳ, ಬಳಗದಾಗ ಅಭಿಮಾನಕ್ಕ ಆಕಿ ಹೆಸರು ಹೇಳ್ಯಾರ ಅಂತ?"

ಕಾಕಾ ಕನ್ನಡಕ ತೆಗೆದರು. ಬಂಡೆಪ್ಪ ಮೊದಲು ಫೋನನ್ನು, ಆಮೇಲೆ ನನ್ನನ್ನು ನೋಡಿದ. ಎಳೆ ಎಳೆಯಾಗಿ ಅವರ ಮುಖಗಳಲ್ಲಿ ಕೊಂಡಿ ಬೀಳುವುದು ಕಾಣುತ್ತಿತ್ತು: ಶನಿವಾರ, ಬಾಗಲಕೋಟೆ, ಬಸ್ಸು, ನೀರು, ಮೌನ.

"ಸುಳ್ಳು ಹೇಳಿದ್ದೆರಿ," ಅಂದೆ. "ಹೊಟ್ಟಿಕಿಚ್ಚಿಗೆ ಹೇಳಿದ್ದೆ. ಅದು ಹೊರಗ ಬರಬಾರದು ಅಂತನ ಬಸ್ಸಿನ್ಯಾಗ ಬಾಯಿ ಮುಚ್ಚಿಕೊಂಡು ಕುಂತೆ. ಒಬ್ಬ ಹುಡುಗ ಹೊಡಿಸಿಕೊಂಡ."

ಆ ಕಡೆಯಿಂದ ಏನೋ ಕೇಳಿದರು. ಫೋನು ಇಟ್ಟೆ.

ಯಾರಾದರೂ ಬೈಯಲಿ ಎಂದು ಕಾದೆ. ನರ್ಗೀಸ ಬೈಯಲಿ, ಅಳಲಿ, ಎದ್ದು ಹೋಗಲಿ. ಅವಳು ಪೆನ್ಸಿಲ್ ಎತ್ತಿಕೊಂಡು, ಖಾಲಿ ಅಂಚಿನಲ್ಲಿ ನಿಂತಿದ್ದ ಆ ಗೆರೆಯ ತುದಿಗೆ ಬಗ್ಗಿದಳು. ಅಲ್ಲಿ 'ಪದ್ಮಜಾ ಅಕ್ಕಾರ' ಎಂದು ಬರೆದು ಗಂಟು ಹಾಕಿದಳು. ಬಲಕ್ಕೆ.

"ಎರಡನೇ ಪುಟ ತಗೀರಿ," ಅಂದಳು.

ಬಂಡೆಪ್ಪ ಪುಟ ತಿರುವಿದ. ನಾನು ಅವಳ ಕೈಯನ್ನೇ ನೋಡುತ್ತ ಕೂತೆ. ಬೆರಳು ಎಲ್ಲಿ ಹೊರಳುತ್ತದೆ, ಗಂಟು ಹೇಗೆ ಬಲಕ್ಕೆ ಬೀಳುತ್ತದೆ ಎಂದು. ಹೊಟ್ಟೆಯೊಳಗಿನ ಉರಿ ಆರಿರಲಿಲ್ಲ.